ತೋಟದ ಜೀಪಿಗೆ ಮೂರಿಂಚು ಲಿಫ್ಟ್: ಯಾವ ಪ್ಲೇಟ್ ಸೆಟ್ ಹಾಕಿಸಲಿ?

ಮೂಡಿಗೆರೆ ಜೀಪು:
ನಮ್ಮದು ಅಪ್ಪ ಕೊಂಡ ಮಹೀಂದ್ರಾ ಎಂಎಂ 540 ಜೀಪು. ತೋಟದ ದಾರಿಯಲ್ಲಿ ಹಳ್ಳ ದಾಟಿದ ಮೇಲೆ ಒಂದು ಏರು ಇದೆ. ಈ ಸಲದ ಮಳೆಗೆ ಚಕ್ರದ ಜಾಡು ಕೊರೆದು, ನಡುವೆ ಕಲ್ಲೊಂದು ಎದ್ದು ನಿಂತಿದೆ. ಹಿಂದಿನ ಡಿಫರೆನ್ಷಿಯಲ್ (ಎರಡು ಚಕ್ರದ ನಡುವಿನ ಗೇರ್ ಉಂಡೆ) ಅದಕ್ಕೆ ಟಣ್ ಅಂತ ಬಡಿಯುತ್ತದೆ. ಆ ಸದ್ದು ಕೇಳಿದರೆ ಸಾಕು, ನಾನು ಬಂದೆ ಅಂತ ನಾಯಿ ಗೇಟಿಗೆ ಓಡಿ ಬರುತ್ತದೆ.

ಹಿಂದಿನ ಸ್ಪ್ರಿಂಗ್ ಪ್ಲೇಟುಗಳೂ ಕೂತುಬಿಟ್ಟಿವೆ. ಎಂಟು ಚೀಲ ಕಾಫಿ ಹೇರಿದರೆ ಬಂಪ್ ರಬ್ಬರಿಗೆ ತಾಗುತ್ತವೆ. ಹೋದ ವರ್ಷ ಒಂದು ಗ್ಯಾರೇಜಿನಲ್ಲಿ ಹಳೇ ಪ್ಲೇಟನ್ನೇ ಗ್ಯಾಸಿನಲ್ಲಿ ಕಾಯಿಸಿ ಬಗ್ಗಿಸಿ ಕೊಟ್ಟರು. ಗೌರಿ ಹಬ್ಬಕ್ಕೆ ಹಾಕಿಸಿದ್ದು, ದೀಪಾವಳಿಗೆ ಮತ್ತೆ ಚಪ್ಪಟೆ.

ಈಗ ಮೂರಿಂಚು ಎತ್ತಿಸೋಣ ಅಂತಿದ್ದೇನೆ. ಒಬ್ಬರು ಎರಡು ದಪ್ಪ ಪ್ಲೇಟ್ ಸೇರಿಸು ಅಂತಾರೆ, ಇನ್ನೊಬ್ಬರು ಉದ್ದ ಶ್ಯಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಸಾಕು ಅಂತಾರೆ. ಅಮ್ಮನೂ ಇದರಲ್ಲೇ ಓಡಾಡಬೇಕು, ಅವರಿಗೆ ಸೊಂಟನೋವು ಬೇರೆ.

ಹಾಸನ ಸ್ಪ್ಯಾನರ್:
ಅಣ್ಣ, ಪ್ಲೇಟ್ ಎಷ್ಟೇ ಎತ್ತರಿಸಿ, ಡಿಫರೆನ್ಷಿಯಲ್ ಕೂದಲೆಳೆಯಷ್ಟೂ ಮೇಲೆ ಬರುವುದಿಲ್ಲ. ಅದು ಆಕ್ಸಲ್ ಜೊತೆ ಇರುವುದು. ಪ್ಲೇಟ್ ಎತ್ತುವುದು ಚಾಸಿಯನ್ನು ಮಾತ್ರ. ಡಿಫರೆನ್ಷಿಯಲ್ ಏರಬೇಕಾದರೆ ಟೈರೇ ದೊಡ್ಡದಾಗಬೇಕು. 6.00-16 ತೆಗೆದು 7.00-16 ಹಾಕಿದರೆ ಒಂದಿಂಚಿನ ಹತ್ತಿರ ಸಿಗುತ್ತದೆ, ಅಷ್ಟೇ.

ದಪ್ಪ ಪ್ಲೇಟ್ ಬೇಡವೇ ಬೇಡ. 6 ಎಂಎಂ ಜಾಗದಲ್ಲಿ 8 ಎಂಎಂ ಹಾಕಿದರೆ ಆ ಪ್ಲೇಟ್ ಎರಡು ಪಟ್ಟಿಗಿಂತ ಜಾಸ್ತಿ ಗಟ್ಟಿ. ಖಾಲಿ ಗಾಡಿ ಕತ್ತೆ ಥರ ಒದೆಯುತ್ತದೆ, ಅಮ್ಮ ಇನ್ನೊಂದು ಸಲ ಹತ್ತುವುದಿಲ್ಲ. ತೆಳು ಪ್ಲೇಟ್ ಜಾಸ್ತಿ ಇರುವ ಹೊಸ ಸೆಟ್ ತಗೊಳ್ಳಿ, ಒಂದೂವರೆ ಇಂಚು ಏರಿದರೆ ಸಾಕು. ಗ್ಯಾಸಿನಲ್ಲಿ ಕಾಯಿಸಿದ ಪ್ಲೇಟಿನ ಹದ ಹೋಗುತ್ತದೆ, ಅದಕ್ಕೇ ಅಷ್ಟು ಬೇಗ ಕೂತದ್ದು.

ಘಾಟಿ ಇಳಿದವ:
ಎರಡಿಂಚು ಉದ್ದದ ಶ್ಯಾಕಲ್ ಹಾಕಿದರೆ ಗಾಡಿ ಏರುವುದು ಒಂದೇ ಇಂಚು. ಮುಂದೆ ಹಾಕಿದರೆ ಕ್ಯಾಸ್ಟರ್ ಕೋನವೂ, ಅಂದರೆ ಸ್ಟೇರಿಂಗ್ ನೇರ ನಿಲ್ಲಿಸುವ ಓರೆಯೂ, ಬದಲಾಗುತ್ತದೆ. ನಾನು ಹಾಕಿಸಿಕೊಂಡು ಚಾರ್ಮಾಡಿ ಇಳಿದೆ, ಸ್ಟೇರಿಂಗ್ ದಾರಿಯುದ್ದಕ್ಕೂ ಅಲೆದಾಡಿತು. ಕೊಟ್ಟಿಗೆಹಾರದಲ್ಲಿ ತಿಂದ ನೀರುದೋಸೆ ಮೂರನೇ ತಿರುವಿಗೇ ಕರಗಿತ್ತು!

ಮೂರಿಂಚು ಅಂದರೆ ಬ್ರೇಕ್ ಹೋಸ್ ಸಾಲುವುದಿಲ್ಲ, ಶಾಕ್ ಅಬ್ಸಾರ್ಬರ್ ಗಿಡ್ಡ ಆಗುತ್ತದೆ, ಆಕ್ಸಲನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ ಬೇಗ ಸವೆಯುತ್ತದೆ. ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆ) ಹೋದಾಗಿನ ಪ್ರಶ್ನೆಗಳು ಬೇರೆ.

ಮೂಡಿಗೆರೆ ಜೀಪು:
ನಿಮ್ಮ ಮಾತನ್ನು ಮನೆಯಲ್ಲಿ ಹೇಳಿದೆ. ಅಮ್ಮ, "ಹಾಗಾದ್ರೆ ಆ ಕಲ್ಲು ಕೀಳೋಕೇನು ನಿಂಗೆ?" ಅಂದರು. ನಿನ್ನೆ ಇಬ್ಬರು ಹಾರೆ ಹಾಕಿ ಅರ್ಧ ಗಂಟೆಯಲ್ಲಿ ಕಿತ್ತೆವು. ನಾಯಿಗೆ ಈಗ ನಾನು ಬಂದದ್ದೇ ಗೊತ್ತಾಗುವುದಿಲ್ಲ.

ಪ್ಲೇಟ್ ಹೇಗೂ ಬೇಕು, ಒಂದೂವರೆ ಇಂಚಿನದೇ ಹೇಳಿದ್ದೇನೆ. ಪ್ಲೇಟನ್ನು ಆಕ್ಸಲಿಗೆ ಬಿಗಿಯುವ ಯು-ಬೋಲ್ಟ್ ಹಳೇದೇ ನಡೆಯುತ್ತದಾ?

ಹಾಸನ ಸ್ಪ್ಯಾನರ್:
ಬೇಡ. ಒಮ್ಮೆ ಬಿಗಿದದ್ದು ಎಳೆದುಕೊಂಡಿರುತ್ತದೆ. ಹೊಸದೇ ಹಾಕಿಸಿ. 500 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಸಿ, ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟೂ ನೋಡಿ.