ದೊಡ್ಡಮನೆ, ಜಗಲಿ, ಸೂಜಿಗಲ್ಲು: ಈಜಿಪ್ಟಿನ ಪದಗಳಿಗೆ ಕನ್ನಡದಲ್ಲಿ ಏನನ್ನೋಣ?

ರಾತ್ರಿ ಊಟ ಆದಮೇಲೆ ಪ್ರಾಚೀನ ಈಜಿಪ್ಟಿನ ಸಾಕ್ಷ್ಯಚಿತ್ರ ನೋಡುವುದು ನಮ್ಮ ಮನೆಯಲ್ಲಿ ಒಂದು ಚಟ. ಚಟ ಅಮ್ಮನದು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುವುದು ನನ್ನ ಕೆಲಸ. ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಇವತ್ತಿಗೂ ಕೆಲವು ಪದಗಳ ಹತ್ತಿರ ಬಂದಾಗ ಗಾಡಿ ನಿಲ್ಲುತ್ತದೆ. ಹೋದ ಚಳಿಗಾಲದಲ್ಲಿ ಇಬ್ಬರೂ ಆ ಜಾಗಗಳನ್ನು ನೋಡಿಯೂ ಬಂದೆವು. ನೋಡಿ ಬಂದಮೇಲೆ ಪ್ರಶ್ನೆಗಳು ಜಾಸ್ತಿಯೇ ಆದವು. ಬಲ್ಲವರು ದಯವಿಟ್ಟು ತಿಳಿಸಿ.

ಮೊದಲು ಮಸ್ತಾಬಾ. ಪಿರಮಿಡ್ ಕಟ್ಟುವ ಕಾಲಕ್ಕಿಂತ ಮುಂಚೆ ಅರಸರನ್ನೂ ದೊಡ್ಡ ಅಧಿಕಾರಿಗಳನ್ನೂ ಹೂಳುತ್ತಿದ್ದ ಜಾಗದ ಮೇಲೆ ಹಸಿ ಇಟ್ಟಿಗೆಯ ಉದ್ದನೆಯ ಕಟ್ಟಡ ಇರುತ್ತಿತ್ತು. ಮೇಲೆ ಚಪ್ಪಟೆ, ಬದಿಯಲ್ಲಿ ಸ್ವಲ್ಪ ಇಳಿಜಾರು. ಟಿವಿಯಲ್ಲಿ ಇದು ಬಂದಾಗಲೆಲ್ಲ ನಾನು "ಚಪ್ಪಟೆ ಸಮಾಧಿ" ಅಂತ ಏನೋ ಒಂದು ಹೇಳಿ ಮುಂದೆ ಹೋಗುತ್ತಿದ್ದೆ. ಕೈರೋ ಹತ್ತಿರದ ಹಳೆಯ ಗೋರಿಗಳ ಜಾಗ ಸಕ್ಕಾರಾದಲ್ಲಿ ನಮ್ಮ ಗೈಡ್ ಅದನ್ನು ತೋರಿಸಿ, ಆಮೇಲೆ ರಸ್ತೆ ಪಕ್ಕದ ಒಂದು ಮನೆಯ ಬಾಗಿಲ ಬಳಿ ಇದ್ದ ಮಣ್ಣಿನ ಕಟ್ಟೆಯನ್ನೂ ತೋರಿಸಿದ. "ಅದೂ ಮಸ್ತಾಬಾ" ಅಂದ. ಅಮ್ಮ ತಕ್ಷಣ "ಜಗಲಿ ಅಲ್ವಾ ಅದು!" ಅಂದರು.

ಅದೇ ಸರಿ. ಮಸ್ತಾಬಾ ಪ್ರಾಚೀನ ಈಜಿಪ್ಟಿನ ಪದವೇ ಅಲ್ಲ, ಅರಬ್ಬಿ. ಹತ್ತೊಂಬತ್ತನೇ ಶತಮಾನದಲ್ಲಿ ಅಗೆಯುವ ಕೆಲಸಕ್ಕೆ ಬಂದ ಹಳ್ಳಿಯ ಕೂಲಿಗಳು ಈ ಕಟ್ಟಡಗಳನ್ನು ನೋಡಿ, ತಮ್ಮ ಮನೆಯ ಮುಂದಿನ ಜಗಲಿಯ ಹಾಗಿದೆ ಅಂತ ಇಟ್ಟ ಹೆಸರು. ಪಂಡಿತರು ಅದನ್ನೇ ಉಳಿಸಿಕೊಂಡರು. ಹಾಗಿದ್ದರೆ ಕನ್ನಡದಲ್ಲಿ "ಜಗಲಿ ಗೋರಿ" ಅನ್ನುವುದಕ್ಕೆ ಏನು ಅಡ್ಡಿ? ಆ ಅರಬ್ ಕೂಲಿಗಳು ಮಾಡಿದ್ದನ್ನೇ ನಾವೂ ಮಾಡಿದ ಹಾಗೆ ಆಗುತ್ತದೆ. ಜೋಸರ್ ಅರಸನ ಮೆಟ್ಟಿಲು ಪಿರಮಿಡ್ಡನ್ನು ವಿವರಿಸುವುದೂ ಸುಲಭ. ಒಂದು ದೊಡ್ಡ ಜಗಲಿ, ಅದರ ಮೇಲೆ ಅದಕ್ಕಿಂತ ಚಿಕ್ಕ ಜಗಲಿ, ಹೀಗೆ ಆರು. ಅಮ್ಮನಿಗೆ ಅದು ಒಂದೇ ಮಾತಿಗೆ ಅರ್ಥವಾಯಿತು.

ತೊಡಕು ನಮ್ಮ ಕಡೆಯೇ ಇದೆ. ನಮ್ಮದು ಬಯಲುಸೀಮೆ. ಇಲ್ಲಿ ಜಗಲಿ ಅಂದರೆ ಬಾಗಿಲ ಎರಡು ಪಕ್ಕದ ಕಟ್ಟೆ. ಮಲೆನಾಡಿನ ನನ್ನ ಗೆಳತಿಗೆ ಜಗಲಿ ಅಂದರೆ ಮನೆಯ ಮುಂಭಾಗದ ಪಡಸಾಲೆ, ನೆಂಟರು ಬಂದರೆ ಕೂರುವ, ಊಟಕ್ಕೆ ಎಲೆ ಹಾಕುವ ಜಾಗ. ಅವಳಿಗೆ "ಜಗಲಿ ಗೋರಿ" ಅಂದರೆ ಪಡಸಾಲೆಯಲ್ಲಿ ಹೂತ ಹಾಗೆ ಕೇಳಿಸುತ್ತದಂತೆ. ತಿಣ್ಣೆ ಅನ್ನಬಹುದಾ? ಕಟ್ಟೆ ಅಂದರೆ ಅರಳಿಕಟ್ಟೆ ನೆನಪಾಗುತ್ತದೆ. ನಿಮ್ಮ ಊರಲ್ಲಿ ಬಾಗಿಲ ಪಕ್ಕದ ಮಣ್ಣಿನ ಆಸನಕ್ಕೆ ಏನನ್ನುತ್ತಾರೆ?

ಎರಡನೆಯದು ಇನ್ನೂ ಗೋಜಲಿನದು. ಫೇರೋ. ಈಜಿಪ್ಟಿನ ಅರಸನಿಗೆ ಹೇಳುವ ಈ ಪದ ಪತ್ರಿಕೆಗಳಲ್ಲಿ ಫೇರೋ, ಫೆರೋ, ಫರೋ ಅಂತೆಲ್ಲ ಬರುತ್ತದೆ. ಹಳೆಯ ಕನ್ನಡ ಬೈಬಲ್ಲಿನಲ್ಲಿ ಫರೋಹ. ಹೇಗೆ ಬರೆಯಬೇಕು ಅನ್ನುವುದಕ್ಕಿಂತ ಅದರ ಅರ್ಥದ ಬಗ್ಗೆ ನನಗೆ ಕುತೂಹಲ. ಮೂಲದಲ್ಲಿ ಅದು "ಪೆರ್ ಆ". ಪೆರ್ ಅಂದರೆ ಮನೆ, ಆ ಅಂದರೆ ದೊಡ್ಡ. ದೊಡ್ಡಮನೆ! ಮೊದಲು ಅರಮನೆಗೆ ಇದ್ದ ಹೆಸರು. ಆಮೇಲೆ, ಹೊಸ ರಾಜ್ಯದ ಕಾಲದಲ್ಲಿ, ಅಂದರೆ ಸುಮಾರು 3400 ವರ್ಷಗಳ ಹಿಂದೆ, ಅರಮನೆಯಲ್ಲಿ ಇರುವ ಅರಸನಿಗೇ ಆ ಹೆಸರು ಅಂಟಿಕೊಂಡಿತು. ಊರ ಗೌಡರ ಮನೆತನಕ್ಕೆ "ದೊಡ್ಮನೆಯವರು" ಅನ್ನುತ್ತೇವಲ್ಲ, "ದೊಡ್ಮನೆ ಹೇಳಿದಮೇಲೆ ಮುಗೀತು" ಅನ್ನುತ್ತೇವಲ್ಲ, ಸೇಮ್ ಅದೇ.

ಆದರೆ ಇವತ್ತು "ದೊಡ್ಮನೆ" ಅಂದರೆ ಕನ್ನಡಿಗರಿಗೆ ಮೊದಲು ಹೊಳೆಯುವುದು ಡಾ. ರಾಜ್‌ಕುಮಾರ್ ಕುಟುಂಬ. ಟಿವಿ ಮುಂದೆ ಕೂರುವವರಿಗೆ ಬಿಗ್ ಬಾಸ್. ನಾನು ಒಮ್ಮೆ ಬಾಯಿತಪ್ಪಿ "ಆಗ ದೊಡ್ಡಮನೆಯವರು ತೀರಿಕೊಂಡರು" ಅಂದೆ. ಅಡುಗೆಮನೆಯಿಂದ ತಂಗಿ ಓಡಿ ಬಂದಳು. ಆದ್ದರಿಂದ ಈ ಅನುವಾದದ ಮೇಲೆ ನನಗೆ ಆಸೆ ಇಲ್ಲ. ಆದರೂ ಒಂದು ಮಾತು. ಖುಫುವನ್ನು ಫೇರೋ ಅನ್ನುವುದು ಅಷ್ಟು ಸರಿಯಲ್ಲ. ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದವನು ಆ ಪದ ಅರಸನಿಗೆ ಅಂಟುವ ಸಾವಿರ ವರ್ಷ ಮುಂಚೆಯೇ ಹೋಗಿದ್ದ. ಅವನ ಕಾಲದ ಮಾತು ಬಂದಾಗ ಸುಮ್ನೆ "ಅರಸ" ಅಂದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹುಡುಕುತ್ತಾ ಹೋದರೆ ಅಲ್ಲಿ ದೊಡ್ಡ ಪದಗಳೆಲ್ಲ ಮನೆಯೇ. ಗುಡಿಗೆ ಅವರು "ಹುತ್ ನೆಚೆರ್" ಅನ್ನುತ್ತಿದ್ದರು, ದೇವರ ಮನೆ. ದೇಶದ ಹೆಸರೂ ಮನೆಯೇ. ಮೆಂಫಿಸ್ ಊರಿನಲ್ಲಿದ್ದ ಪ್ತಾ ದೇವರ ಗುಡಿಯ ಹೆಸರು "ಹುತ್ ಕಾ ಪ್ತಾ", ಪ್ತಾನ ಜೀವಶಕ್ತಿಯ ಮನೆ. ಅದು ಗ್ರೀಕರ ಬಾಯಲ್ಲಿ ಐಗುಪ್ತೋಸ್ ಆಯಿತು. ಬೈಬಲ್ಲಿನ ಐಗುಪ್ತ ಆ ಗ್ರೀಕ್ ರೂಪಕ್ಕೆ ಹತ್ತಿರ, ನಮ್ಮ ಈಜಿಪ್ಟ್ ಇಂಗ್ಲಿಷಿನಿಂದ ಬಂದದ್ದು. ಅಲ್ಲಿಯವರು ತಮ್ಮ ದೇಶವನ್ನು ಎರಡೂ ಅನ್ನುವುದಿಲ್ಲ, ಮಸರ್ ಅನ್ನುತ್ತಾರೆ. ಪ್ರಾಚೀನರಂತೂ ಕೆಮೆತ್, ಕಪ್ಪುನೆಲ, ಅನ್ನುತ್ತಿದ್ದರು. ನೈಲ್ ತಂದು ಹಾಕಿದ ಎರೆ ಮಣ್ಣು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಎರೆಸೀಮೆ ಅಂದರೆ ಎಷ್ಟು ಚೆನ್ನ! ಇರಲಿ.

"ದೇವರ ಮನೆ" ಕೂಡ ಕೈಕೊಡುತ್ತದೆ. ಕಾರ್ನಾಕ್ ಗುಡಿಯ ಆ ಕಂಬಗಳ ಹಜಾರದಲ್ಲಿ 134 ಕಂಬಗಳಿವೆ. ನಡುವಿನವು ಸುಮಾರು 21 ಮೀಟರ್ ಎತ್ತರ. ಅದನ್ನು ದೇವರಮನೆ ಅಂದರೆ ಕೇಳುವವರ ಕಣ್ಣ ಮುಂದೆ ಬರುವುದು ಅಡುಗೆಮನೆ ಪಕ್ಕದ ಗೂಡು, ಎರಡು ಫೋಟೋ, ಒಂದು ನಂದಾದೀಪ. ಗುಡಿ ಅನ್ನುವುದೇ ವಾಸಿ. (ಕಾರ್ನಾಕ್‌ಗೂ ಕರ್ನಾಟಕಕ್ಕೂ ನಂಟು ಹಚ್ಚುವ ಮೆಸೇಜುಗಳು ನನಗೂ ಬರುತ್ತವೆ. ನಂಟೇನೂ ಇಲ್ಲ.)

ಗೋರಿಗೆ ಮಾತ್ರ ಮನೆ ಅನ್ನುವ ಪದ ನಿಜವಾಗಿ ಬೇಕು ಅನ್ನಿಸುತ್ತದೆ. ಅಲ್ಲಿ ಅದಕ್ಕೆ "ಪೆರ್ ಜೆತ್" ಅನ್ನುತ್ತಿದ್ದರು, ಎಂದೆಂದಿಗೂ ಇರುವ ಮನೆ. ಎರಡು ಸಾವಿರ ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದ ದಿಯೋದೋರಸ್ ಎಂಬ ಗ್ರೀಕ್ ಲೇಖಕ ಬರೆದಿದ್ದಾನೆ: ಈ ಜನ ತಾವು ಬದುಕಿರುವ ಮನೆಯನ್ನು ತಂಗುವ ಜಾಗ ಅನ್ನುತ್ತಾರೆ, ಸತ್ತಮೇಲಿನದನ್ನು ಶಾಶ್ವತ ಮನೆ ಅನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಇದು ಛತ್ರ, ಅದು ಮನೆ. ಅದಕ್ಕೇ ಇರಬೇಕು, ಅರಮನೆಯನ್ನೂ ಹಸಿ ಇಟ್ಟಿಗೆಯಲ್ಲಿ ಕಟ್ಟಿ ಮುಗಿಸುತ್ತಿದ್ದರು, ಗೋರಿಗೆ ಮಾತ್ರ ಆಮೇಲಿನ ಕಾಲದಲ್ಲಿ ಕಲ್ಲು. ಅರಮನೆಗಳು ಹೆಚ್ಚಿನವು ಕರಗಿಹೋಗಿವೆ.

ಈಗ ನಮ್ಮ ಪದಗಳನ್ನು ನೋಡಿ. ಗೋರಿ ಅಂದರೆ ಮುಸ್ಲಿಮರದು ಅಂತ ಮನಸ್ಸಿಗೆ ಬರುತ್ತದೆ. ಗದ್ದುಗೆ ಮಠದ ಸ್ವಾಮಿಗಳದು. ಬೃಂದಾವನ ಮಾಧ್ವ ಯತಿಗಳದು. ಸಮಾಧಿ ಎಲ್ಲಕ್ಕೂ ಹೊಂದುತ್ತದೆ, ಆದರೆ ಅದರಲ್ಲಿ ಧ್ಯಾನದ ವಾಸನೆ ಇದೆ. ಅರಸರನ್ನು ಹೂಳುತ್ತಿದ್ದ ರಾಜರ ಕಣಿವೆಯಲ್ಲಿ ಮೆಟ್ಟಿಲು ಇಳಿದು, ಓಣಿ ದಾಟಿ, ಕೋಣೆಯೊಳಗೆ ಕೋಣೆ ಹೊಕ್ಕು, ಬಂಡೆಯ ಹೊಟ್ಟೆಯೊಳಗೆ ಹೋಗುವಾಗ ಇದ್ಯಾವುದೂ ನೆನಪಿಗೆ ಬರಲಿಲ್ಲ. ಗೋಡೆ ತುಂಬ ಬಣ್ಣ. 1922ರ ನವೆಂಬರಿನಲ್ಲಿ ಹೋವರ್ಡ್ ಕಾರ್ಟರ್ ಎಂಬ ಪುರಾತತ್ವಜ್ಞ ಕಂಡ, ತೂತಾನ್‌ಖಾಮೂನ್ ಅರಸನ ಜಾಗ ಅಲ್ಲಿ ಚಿಕ್ಕದು. ಅದರಲ್ಲೂ ಹಾಸಿಗೆ, ಕುರ್ಚಿ, ರಥ, ತಿನ್ನುವುದು, ಉಡುವುದು ಎಲ್ಲ ಇತ್ತು. ಅದು ಸಂಸಾರ ಹೂಡಿದ ಮನೆ.

ನಮ್ಮ ಜನ ಇಂಥದ್ದಕ್ಕೆ ಮನೆ ಅಂದಿದ್ದೂ ಉಂಟು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ಬಂಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಮುಚ್ಚಿ ಮಾಡಿದ ಕಬ್ಬಿಣಯುಗದ ಕಲ್ಲಿನ ಗೋರಿಗಳಿವೆ. ಸುತ್ತಲಿನವರು ಮೋರ್ಯರ ಮನೆ ಅನ್ನುತ್ತಾರೆ. ಬೇರೆ ಕಡೆ ಇಂಥವಕ್ಕೆ ಪಾಂಡವರ ಮನೆ ಅನ್ನುವುದೂ ಇದೆ. ಹಾಗಾಗಿ ರಾಜರ ಕಣಿವೆಯವನ್ನು "ಕಲ್ಲುಮನೆ" ಅನ್ನಬಹುದಾ ಅಂತ ನನ್ನ ಪ್ರಶ್ನೆ. ಕಲ್ಲಿನಲ್ಲಿ ಕಟ್ಟಿದ ಮಾಮೂಲಿ ಮನೆ ಅಂತ ತಪ್ಪು ತಿಳಿಯುತ್ತಾರಾ?

ಒಬೆಲಿಸ್ಕ್, ಅಂದರೆ ಅವರು ನಿಲ್ಲಿಸುತ್ತಿದ್ದ ಎತ್ತರದ ಚೂಪು ಕಲ್ಲು, ಅದರ ವಿಷಯದಲ್ಲಿ ನಾನೇ ಬಿದ್ದ ಹಳ್ಳವನ್ನು ಹೇಳಿಬಿಡುತ್ತೇನೆ. ಗ್ರೀಕರಿಗೆ ಅದು ಮಾಂಸ ಸುಡುವ ಚಿಕ್ಕ ಸಲಾಕೆಯ ಹಾಗೆ ಕಂಡಿತ್ತು, ಆ ಪದದ ಅರ್ಥ ಅದೇ. ಅರಬರು ದೊಡ್ಡ ಸೂಜಿ ಅನ್ನುತ್ತಾರೆ. ಲಂಡನ್ನಿನಲ್ಲಿ ಇರುವುದಕ್ಕೂ ಕ್ಲಿಯೋಪಾತ್ರಳ ಸೂಜಿ ಅಂತಲೇ ಹೆಸರು. ಸರಿ, ನಾನೂ ಜಾಣತನ ಮಾಡಿ "ಸೂಜಿಗಲ್ಲು" ಅಂದೆ. ಅಮ್ಮ ಕೇಳಿದರು: "ಅಷ್ಟು ದೊಡ್ಡದಾ? ಕಬ್ಬಿಣ ಎಲ್ಲ ಎಳಕೊಳ್ಳಲ್ವಾ?" ಸೂಜಿಗಲ್ಲು ಅಂದರೆ ಅಯಸ್ಕಾಂತ ಅನ್ನುವುದು ನನಗೆ ಮರೆತೇ ಹೋಗಿತ್ತು. ಈಗ ತಿರುಗಿಸಿ ಕಲ್ಲುಸೂಜಿ ಅನ್ನುತ್ತಿದ್ದೇನೆ. ಸ್ತಂಭ ಅಂದರೆ ಗರುಡಗಂಬ, ಮಾನಸ್ತಂಭಗಳ ಸಾಲಿಗೆ ಸೇರಿಬಿಡುತ್ತದೆ. ಇದು ನಾಲ್ಕು ಮೂಲೆಯದು, ತುದಿಯಲ್ಲಿ ಪುಟ್ಟ ಪಿರಮಿಡ್, ಪೂರ್ತಿ ಒಂದೇ ಕಲ್ಲು. ಆಸ್ವಾನ್ ಕಲ್ಲುಗಣಿಯಲ್ಲಿ ಅರ್ಧಕ್ಕೇ ಬಿಟ್ಟದ್ದೊಂದು ಮಲಗಿದೆ. ಉದ್ದ ಸುಮಾರು 42 ಮೀಟರ್, ಸಾವಿರ ಟನ್ನಿಗೂ ಮೇಲೆ. ಕೊರೆಯುವಾಗಲೇ ಬಿರುಕು ಬಿಟ್ಟಿತು, ಅಲ್ಲೇ ಬಿಟ್ಟು ನಡೆದರು.

ಪಿರಮಿಡ್ಡಿಗೆ ಕಲ್ಲು ಎಳೆದವರಿಗೆ ಏನನ್ನೋಣ? ಟಿವಿಯವರ ಕನ್ನಡದಲ್ಲಿ "ಗುಲಾಮರು". ಇದು ಪದದ ತಪ್ಪಲ್ಲ, ವಿಷಯದ ತಪ್ಪು. ಗೀಜಾದಲ್ಲಿ ಕೆಲಸಗಾರರ ಊರೇ ಸಿಕ್ಕಿದೆ. ರೊಟ್ಟಿ ಸುಡುವ ಮನೆಗಳು, ದನ ಕುರಿಗಳ ಮೂಳೆ, ಅವರದೇ ಗೋರಿಗಳು, ಅದೂ ಪಿರಮಿಡ್ಡಿನ ಪಕ್ಕದಲ್ಲೇ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್‌ನಲ್ಲಿ ಮೇರೆರ್ ಎಂಬ ಮೇಸ್ತ್ರಿಯ ದಿನಚರಿ ಸಿಕ್ಕಿತು. ತೂರಾ ಎಂಬ ಕಲ್ಲುಗಣಿಯಿಂದ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದ ಲೆಕ್ಕ ಅದರಲ್ಲಿದೆ. ಊರೂರಿನಿಂದ ಸರದಿಯ ಮೇಲೆ ಕರೆಸಿ, ಊಟ ಕೊಟ್ಟು ದುಡಿಸುವುದು. ಇದಕ್ಕೆ ನಮ್ಮ ಹಳೆಯ ಪದ ಇದೆ: ಬಿಟ್ಟಿ. ಶಾಸನಗಳ ವಿಷ್ಟಿಯೇ ಇದು. ಆದರೆ ಇವತ್ತು ಬಿಟ್ಟಿ ಅಂದರೆ ಪುಕ್ಕಟೆ. "ಪಿರಮಿಡ್ ಬಿಟ್ಟಿಯಲ್ಲಿ ಕಟ್ಟಿದ್ದು" ಅಂದರೆ ಖರ್ಚೇ ಆಗಲಿಲ್ಲ ಅಂತ ಕೇಳಿಸುತ್ತದೆ. ರೊಟ್ಟಿ, ಬಿಯರ್ ಪಡಿಯಾಗಿ ಸಿಗುತ್ತಿದ್ದದ್ದರಿಂದ "ಪಡಿಯಾಳು" ಅನ್ನೋಣ ಅಂತ ಒಮ್ಮೆ ಅನ್ನಿಸಿತ್ತು. ಯಾರಾದರೂ ಈ ಪದ ಬಳಸಿದ್ದು ಕೇಳಿದ್ದೀರಾ? (ಇದೆಲ್ಲ ಬಿಟ್ಟು ಬೇರೆ ಗ್ರಹದವರು ಬಂದು ಕಟ್ಟಿದರು ಅನ್ನುವ ಕಾರ್ಯಕ್ರಮಗಳನ್ನೂ ನಾವು ಸಾಕ್ಷ್ಯಚಿತ್ರ ಅಂತಲೇ ಕರೆಯುತ್ತೇವೆ. ಅಲ್ಲಿ ಚಿತ್ರ ಇದೆ, ಒಪ್ಪುತ್ತೇನೆ.)

ಪ್ರಾಚೀನ ಈಜಿಪ್ಟಿನವರ ಬರಹಕ್ಕೆ ಹೇಳುವ "ಚಿತ್ರಲಿಪಿ" ಪದದ ಮೇಲೂ ನನಗೆ ತಕರಾರಿದೆ. ಚಿತ್ರ ಬರೆದರೆ ಅದೇ ವಸ್ತು ಅಂತ ಅರ್ಥ ಅನ್ನುವ ಭಾವನೆ ಅದರಿಂದ ಬರುತ್ತದೆ. ಗೂಬೆ ಬರೆದರೆ ಗೂಬೆ ಅಲ್ಲ, "ಮ್" ಎಂಬ ಸದ್ದು. ಬಾತುಕೋಳಿಯೂ ಸೂರ್ಯನೂ ಸೇರಿದರೆ "ಸೂರ್ಯನ ಮಗ", ಯಾಕೆಂದರೆ ಆ ಬಾತಿನ ಹೆಸರಿನ ಸದ್ದೂ ಮಗ ಅನ್ನುವುದರ ಸದ್ದೂ ಒಂದೇ. ಕಾಲಿನ ಚಿತ್ರ ಬರೆದು ಕಾಲು ಕೆಜಿ ಅಂತ ಓದಿಸಿದ ಹಾಗೆ. ಹೀಗೆ ಹೇಳಿದ ದಿನ ಅಮ್ಮ ದಿನಸಿ ಚೀಟಿಯಲ್ಲಿ ಸಕ್ಕರೆ ಪಕ್ಕ ಒಂದು ಪಾದ ಬರೆದಿಟ್ಟಿದ್ದರು.

ಅರಸರ ಹೆಸರನ್ನು ಸುತ್ತುವ ಉದ್ದುಂಡೆ ಗೆರೆ ಕಾರ್ತೂಶ್. 1798ರಲ್ಲಿ ನೆಪೋಲಿಯನ್ ಜೊತೆ ಹೋದ ಫ್ರೆಂಚ್ ಸಿಪಾಯಿಗಳಿಗೆ ಅದು ತಮ್ಮ ಬಂದೂಕಿನ ತೋಟಾದ ಹಾಗೆ ಕಂಡು ಬಂದ ಹೆಸರು. ನಮ್ಮ ಕಾಡತೂಸು ಅದರ ನೆಂಟ. ಮೂಲದಲ್ಲಿ ಅದು ಗಂಟು ಹಾಕಿದ ಹಗ್ಗ. ಕುಣಿಕೆ ಅಂದರೆ ಅರಸನನ್ನು ಗಲ್ಲಿಗೆ ಹಾಕಿದ ಹಾಗಾಗುತ್ತದೆ. ಹೆಸರುಬಳೆ ಹೇಗೆ?

ಸಿಂಹದ ಮೈ, ಮನುಷ್ಯನ ತಲೆಯ ಸ್ಫಿಂಕ್ಸ್‌ಗೆ ಪುರುಷಾಮೃಗ ಅನ್ನುವುದು ನನಗೆ ಪೂರ್ತಿ ಒಪ್ಪಿಗೆ. ಭೀಮನನ್ನು ಓಡಿಸಿಕೊಂಡು ಬರುವ ಆ ಪ್ರಾಣಿಯನ್ನು ನಮ್ಮ ಗುಡಿಯ ಕಂಬಗಳಲ್ಲಿ ನೋಡಿದವರಿಗೆ ವಿವರಣೆಯೇ ಬೇಡ. ಗ್ರೀಕರ ಸ್ಫಿಂಕ್ಸ್ ಹೆಣ್ಣು, ಗೀಜಾದ್ದು ಅರಸನ ಮುಖದ ಗಂಡು.

ಇನ್ನು ನೇಟ್ರಾನ್. ಹೆಣದ ನೀರೆಲ್ಲ ಹೀರಲು ಹಾಕುತ್ತಿದ್ದದ್ದು. ಟಿವಿಯಲ್ಲಿ "ಉಪ್ಪು" ಅನ್ನುತ್ತಾರೆ. ಅಮ್ಮ "ಉಪ್ಪಿನಕಾಯಿ ತರ ಹಾಕಿದರಾ?" ಅಂದಿದ್ದರು. ಅದು ಹೆಚ್ಚಾಗಿ ಸೋಡಾ, ಕೆರೆ ಬತ್ತಿದ ಜಾಗದಲ್ಲಿ ಬೆಳ್ಳಗೆ ಸಿಗುವಂಥದ್ದು. ಅಗಸರು ಬಟ್ಟೆ ಒಗೆಯಲು ತರುತ್ತಿದ್ದ ಸೌಳಿನ ಜಾತಿಗೆ ಸೇರಿದ್ದು. ಸೌಳುಪ್ಪು ಅಂದರೆ ಆಗಬಹುದು.

ಕೊನೆಯದು, ನನಗೆ ತುಂಬ ಇಷ್ಟವಾದದ್ದು. ಸೆನೆತ್ ಅಂತ ಅವರದೊಂದು ಮಣೆಯಾಟ. ಮೂರು ಸಾಲು, ಸಾಲಿಗೆ ಹತ್ತು ಚೌಕ. ತೂತಾನ್‌ಖಾಮೂನನ ಜೊತೆಯಲ್ಲೂ ಇಟ್ಟಿದ್ದರು. ಆ ಚೌಕಗಳಿಗೆ ಅವರು ಪೆರ್ ಅನ್ನುತ್ತಿದ್ದರು, ಮನೆ. ಇಪ್ಪತ್ತಾರನೆಯದು ಒಳ್ಳೆಯ ಮನೆ, ಇಪ್ಪತ್ತೇಳನೆಯದು ನೀರಿನ ಮನೆ, ಅಲ್ಲಿ ಬಿದ್ದರೆ ಕೆಟ್ಟೆ. ಚೌಕಾಬಾರ ಆಡಿದ ಯಾರಿಗಾದರೂ ಇದನ್ನು ಅನುವಾದ ಮಾಡಬೇಕಾ? ಸೆನೆತ್ ಅಂದರೆ ದಾಟುವುದು. ಕಾಯಿ ಕೊನೆಯ ಮನೆ ದಾಟಿ ಮಣೆಯಿಂದ ಹೊರಗೆ ಹೋದರೆ, ಆಡುವವನು ಸಾವನ್ನು ದಾಟಿದ ಹಾಗೆ ಅಂತ ಆಮೇಲಿನ ಕಾಲದಲ್ಲಿ ನಂಬಿಕೊಂಡರು. ಇದನ್ನು ಅಮ್ಮನಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದಾಗ ಅವರೇ "ಕಾಯಿ ಹಣ್ಣಾಯ್ತು ಅನ್ನು" ಅಂದರು. ನಮ್ಮಲ್ಲಿ ಕಾಯಿ ನಡುಮನೆ ಸೇರಿದರೆ ಹಣ್ಣಾಗುತ್ತದೆ. ಹೊರಗೆ ಹೋಗುವ ಆಟಕ್ಕೂ ಹಣ್ಣು ಅನ್ನುವ ಕಡೆ ಕರ್ನಾಟಕದಲ್ಲಿ ಎಲ್ಲಾದರೂ ಇದೆಯಾ?