ಅಪ್‌ಡೇಟ್: ದರಪಟ್ಟಿಯಲ್ಲಿ ಸಿಲುಕುತ್ತಿದ್ದ ರೆಗ್ಯುಲರ್ ಎಕ್ಸ್‌ಪ್ರೆಶನ್
ಬ್ಯಾಡಗಿ ಮೆಣಸಿನಕಾಯಿ ದರಪಟ್ಟಿ ಓದುವ ನನ್ನ ಪೈಥಾನ್ ಪ್ರೋಗ್ರಾಂ, ದರ ಬಿಟ್ಟುಹೋದ ಸಾಲು ಬಂದೊಡನೆ ಸ್ತಬ್ಧವಾಗುತ್ತದೆ, ಏಕೆ ಎಂದು ಕೇಳಿದ್ದೆ. ಪ್ರತಿ ಸಾಲಿನಲ್ಲಿ ಮೊದಲು ಪದಗಳು, ಕೊನೆಗೆ ದರದ ಅಂಕಿ ಇವೆಯೇ ಎಂದು ಅದು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ, ಅಂದರೆ ಪಠ್ಯವನ್ನು ಹೋಲಿಸಿ ನೋಡುವ ಮಾದರಿಯಿಂದ, ಹುಡುಕುತ್ತದೆ. ಈಗ ಸರಿಯಾಗಿದೆ, ಉತ್ತರಿಸಿದವರಿಗೆ ಮನಸಾರೆ ಧನ್ಯವಾದ.

ತೊಡಕಿದ್ದದ್ದು ಪ್ಲಸ್‌ನೊಳಗಿನ ಪ್ಲಸ್‌ನಲ್ಲಿ. ಮಾದರಿಯಲ್ಲಿ ‘+’ ಎಂದರೆ ‘ಒಂದು ಅಥವಾ ಹೆಚ್ಚು ಸಲ’; ಪದದ ಅಕ್ಷರಗಳಿಗೆ ಒಂದು, ಪದಗಳ ಸಾಲಿಗೆ ಇನ್ನೊಂದು ಹಾಕಿದ್ದೆ. ಪದಗಳ ನಡುವಿನ ಖಾಲಿ ಜಾಗ ಐಚ್ಛಿಕವಾಗಿತ್ತು. ಹಾಗಾಗಿ ಜೋಡಿಸಿ ಬರೆದ 30 ಅಕ್ಷರಚಿಹ್ನೆಗಳನ್ನು ತುಂಡರಿಸಲು 2ರ 29ನೇ ಘಾತದಷ್ಟು, ಅಂದರೆ 53 ಕೋಟಿಗೂ ಹೆಚ್ಚು ದಾರಿಗಳು! ಕೊನೆಯಲ್ಲಿ ಅಂಕಿ ಸಿಗದಿದ್ದರೆ ಎಂಜಿನ್ (ಮಾದರಿಯನ್ನು ಹೋಲಿಸಿ ನೋಡುವ ಭಾಗ) ಹಿಂದೆ ಸರಿಯುತ್ತ ಒಂದೊಂದನ್ನೂ ಪರೀಕ್ಷಿಸುತ್ತದೆ. ಖಾಲಿ ಜಾಗವನ್ನು ಕಡ್ಡಾಯ ಮಾಡಿದೆ: ಮೊದಲು ಒಂದು ಪದ, ನಂತರ ‘ಖಾಲಿ ಜಾಗ, ಪದ’ ಎಷ್ಟು ಸಲವಾದರೂ. ತುಂಡರಿಸುವ ದಾರಿ ಒಂದೇ ಉಳಿಯಿತು.

ಪೈಥಾನ್ 3.11ರಿಂದ ‘++’ (ಒಮ್ಮೆ ಹಿಡಿದ ಅಕ್ಷರಗಳನ್ನು ಮತ್ತೆ ಬಿಟ್ಟುಕೊಡದ ಪ್ಲಸ್) ಬಳಸಿಯೂ ಇದನ್ನು ತಡೆಯಬಹುದು. ಆದರೆ ಮಾದರಿಯನ್ನೇ ತಿದ್ದುವುದು ಮೇಲು, ಹಳೆಯ ಆವೃತ್ತಿಗಳಲ್ಲೂ ನಡೆಯುತ್ತದೆ.

ಇನ್ನೊಂದು ವಿಷಯ: ಕನ್ನಡ ಅಕ್ಷರಗಳನ್ನು ಹಿಡಿಯಲು ಮಾದರಿಯಲ್ಲಿ ಬರೆಯುವ ‘ಅ’ದಿಂದ ‘ಹ’ವರೆಗಿನ ವ್ಯಾಪ್ತಿಯಲ್ಲಿ ಕಾಗುಣಿತದ ಸ್ವರಚಿಹ್ನೆಗಳು ಬರುವುದಿಲ್ಲ. ಅವುಗಳನ್ನೂ ಅನುಸ್ವಾರವನ್ನೂ ಪ್ರತ್ಯೇಕವಾಗಿ ಸೇರಿಸಬೇಕು.