ಆರ್‌ಎಸ್‌ಐ ಸಿಗ್ನಲ್: 25 ಟ್ರೇಡಿನಲ್ಲಿ 18 ಲಾಭ, ನಂಬಬಹುದಾ?

ಪ್ರಶ್ನೆ:
14 ದಿನದ ಆರ್‌ಎಸ್‌ಐ (ಇತ್ತೀಚಿನ ಏರಿಕೆ-ಇಳಿಕೆಗಳನ್ನು ಹೋಲಿಸಿ 0ರಿಂದ 100ರೊಳಗೆ ಕೊಡುವ ಅಂಕ) 30ರ ಕೆಳಗಿಳಿದು ಮತ್ತೆ ಮೇಲೆ ದಾಟಿದ ದಿನ ಖರೀದಿ, 50 ದಾಟಿದ ದಿನ ಮಾರಾಟ, ಸ್ಟಾಪ್‌ಲಾಸ್ (ಇಷ್ಟು ಬಿದ್ದರೆ ನಷ್ಟಕ್ಕೇ ಮಾರಿಬಿಡುವ ಮಿತಿ) 6%. ಒಂದೇ ಷೇರಿನ 10 ವರ್ಷದ ಡೇಟಾದಲ್ಲಿ 25 ಟ್ರೇಡ್, 18ರಲ್ಲಿ ಲಾಭ. ಖರೀದಿ ಬೆಲೆಗೆ ಆ ದಿನದ ಕ್ಲೋಸಿಂಗ್ ಹಾಕಿದ್ದೇನೆ. ದುಡ್ಡು ಹಾಕುವ ಮುಂಚೆ ಇನ್ನೇನು ನೋಡಬೇಕು?

ಉತ್ತರ 1:
72% ಪಕ್ಕಕ್ಕಿಡಿ. ಸರಾಸರಿ ಲಾಭ ಎಷ್ಟು, ಸರಾಸರಿ ನಷ್ಟ ಎಷ್ಟು? ಬಿದ್ದಾಗ ಕೊಳ್ಳುವ ನಿಯಮಗಳಲ್ಲಿ ಸಾಮಾನ್ಯವಾಗಿ ಗೆಲುವು ಹೆಚ್ಚು, ಆದರೆ ಸಣ್ಣವು. ಸೋಲು ಕಮ್ಮಿ, ಆದರೆ ದೊಡ್ಡವು. ಗೆದ್ದಾಗ 2%, ಸೋತಾಗ 6% ಅಂದುಕೊಳ್ಳಿ: 0.72×2 = 1.44, 0.28×6 = 1.68. ಟ್ರೇಡಿಗೆ 0.24% ಹೋಯಿತು, ಬ್ರೋಕರೇಜ್ ಇನ್ನೂ ಕಳೆದೇ ಇಲ್ಲ!

25 ಟ್ರೇಡ್ ಸಾಲದು ಕೂಡ. ಇಷ್ಟರಿಂದ ಹೇಳಬಹುದಾದದ್ದು ನಿಜವಾದ ಗೆಲುವಿನ ಪ್ರಮಾಣ ಸುಮಾರು 52%ರಿಂದ 86%ರ ನಡುವೆ ಇದೆ ಅಂತ ಮಾತ್ರ. 40-50 ಷೇರುಗಳ ಮೇಲೆ ಓಡಿಸಿ. ಸೂಚ್ಯಂಕದಲ್ಲಿ ಈಗ ಉಳಿದಿರುವವನ್ನಷ್ಟೇ ಆರಿಸಿದರೆ ಮುಳುಗಿಹೋದ ಕಂಪನಿಗಳು ಲೆಕ್ಕಕ್ಕೇ ಬರುವುದಿಲ್ಲ; ಈ ನಿಯಮಕ್ಕೆ ಏಟು ಕೊಡುವುದು ಅವೇ. ಒಂದೇ ದಿನ ಹತ್ತು ಷೇರು ಸಿಗ್ನಲ್ ಕೊಟ್ಟರೆ ಹತ್ತು ಪುರಾವೆ ಅಂತ ಎಣಿಸಬೇಡಿ. ಅವತ್ತು ಇಡೀ ಮಾರುಕಟ್ಟೆ ಬಿದ್ದಿರುತ್ತೆ, ಅಷ್ಟೇ.

ಉತ್ತರ 2:
ಕ್ಲೋಸಿಂಗ್ ಬೆಲೆಯಲ್ಲೇ ಎಡವಟ್ಟಿದೆ. ಆರ್‌ಎಸ್‌ಐ ಗೊತ್ತಾಗುವುದೇ ಆ ಬೆಲೆ ಬಂದಮೇಲೆ. ಸಿಗ್ನಲ್ ಕಾಲಂ ಅನ್ನು ಒಂದು ಸಾಲು ಕೆಳಗೆ ಸರಿಸಿ, ಮರುದಿನದ ಓಪನಿಂಗ್‌ನಲ್ಲಿ ಖರೀದಿ ತೋರಿಸಿ. ಮಾರಾಟಕ್ಕೂ ಹಾಗೇ. ಷೇರು ಸ್ಟಾಪ್‌ಗಿಂತ ಕೆಳಗೆ ಓಪನ್ ಆದರೆ ನಷ್ಟ 6% ಅಂತ ಬರೆಯಬೇಡಿ, ಓಪನಿಂಗ್ ಬೆಲೆಯನ್ನೇ ಹಿಡಿಯಿರಿ.

ಡೇಟಾ ಬೋನಸ್ (ಉಚಿತ ಹೆಚ್ಚುವರಿ ಷೇರು), ಸ್ಪ್ಲಿಟ್‌ಗೆ (ಒಂದು ಷೇರನ್ನು ಹಲವಾಗಿ ಒಡೆಯುವುದು) ಸರಿಹೊಂದಿದೆಯಾ? ಇಲ್ಲದಿದ್ದರೆ 1:1 ಬೋನಸ್ ದಿನ ಬೆಲೆ ಅರ್ಧವಾಗಿ ಆರ್‌ಎಸ್‌ಐ ಕುಸಿದು ಸುಳ್ಳು ಸಿಗ್ನಲ್ ಹುಟ್ಟುತ್ತೆ. ಸೂತ್ರವನ್ನೂ ನೋಡಿ. ಆರ್‌ಎಸ್‌ಐ ರೂಪಿಸಿದ ವೈಲ್ಡರ್ ಅವರ ಪದ್ಧತಿಯಲ್ಲಿ ಏರಿಕೆಗೂ ಇಳಿಕೆಗೂ ಬೇರೆಬೇರೆಯಾಗಿ ಸರಾಸರಿ ಹೀಗೆ: (ನಿನ್ನೆಯ ಸರಾಸರಿ×13 + ಇಂದಿನದು) ÷ 14. ಸಾದಾ ಸರಾಸರಿ ಹಾಕಿದರೆ ಬೇರೆ ದಿನ ಸಿಗ್ನಲ್ ಬರಬಹುದು. ವೈಲ್ಡರ್ ಸರಾಸರಿ ನೆಲೆಗೊಳ್ಳಲು ಸಮಯ ಬೇಕು, ಹಾಗಾಗಿ ಮೊದಲ 100 ದಿನದ ಸಿಗ್ನಲ್ ಬಿಟ್ಟುಬಿಡಿ.

ಪ್ರಶ್ನೆ ಕೇಳಿದವರು:
ಧನ್ಯವಾದ. ಅಂದಹಾಗೆ 9, 14, 21 ದಿನಗಳನ್ನು 25, 30, 35 ಮಟ್ಟಗಳೊಂದಿಗೆ ನೋಡಿದ್ದೆ. ಚೆನ್ನಾಗಿ ಬಂದದ್ದು 14/30.

ಉತ್ತರ 1:
ಇದನ್ನು ಮೊದಲೇ ಹೇಳಬೇಕಿತ್ತು ಸ್ವಾಮಿ! ಒಂಬತ್ತರಲ್ಲಿ ಅತ್ಯುತ್ತಮವಾದದ್ದನ್ನು ಆರಿಸಿದ್ದೀರಿ, ಅದರಲ್ಲಿ ಅದೃಷ್ಟದ ಪಾಲು ಇದ್ದೇ ಇರುತ್ತೆ. 13/30, 15/30, 14/28 ಹಾಕಿ ನೋಡಿ; ಅಕ್ಕಪಕ್ಕದಲ್ಲಿ ಲಾಭ ಮಾಯವಾದರೆ 14/30 ಕಾಕತಾಳೀಯ. ಹೊಸ ಷೇರುಗಳಲ್ಲಿ ಕೊನೆಯ 3 ವರ್ಷವನ್ನು ಮುಟ್ಟದೆ ಇಡಿ, ನಿಯಮ ಪೂರ್ತಿ ನಿಗದಿಯಾದಮೇಲೆ ಒಂದೇ ಸಲ ಓಡಿಸಿ. ಅಲ್ಲಿ ಸೋತರೆ ಸಂಖ್ಯೆ ತಿದ್ದಿ ಮತ್ತೆ ಅದರ ಮೇಲೇ ಪರೀಕ್ಷಿಸುವಂತಿಲ್ಲ.